ಇಳಿಸಿದರು ಎಂಬ ಒಂದು ಮಾತು

ನಮ್ಮ ಕೇರಿಯಲ್ಲಿ ಜ್ವರ ಎಂಬ ಮಾತಿಗೆ ಪ್ರಾಸದ ಜೋಡಿ ಮುಗಿದುಹೋಗಿ ಎಷ್ಟೋ ವರ್ಷವಾಯಿತು. ಹಸಿವಿಗೂ ಇಲ್ಲ, ನೆಗಡಿಗೂ ಇಲ್ಲ. ನೋವು, ಸಾವು, ಕಾವು, ಹಾವು ಇವೆಲ್ಲ ನಮ್ಮ ಮುತ್ತಜ್ಜಿಯರ ಕಾಲದಲ್ಲೇ ಒಂದರ ಜೊತೆ ಒಂದು ಸೇರಿ ಖರ್ಚಾದವು. ಈಗ ಯಾರಿಗಾದರೂ ಮೈ ಕಾದರೆ ಕಾಲುವೆ ದಾಟಿ ಆಸ್ಪತ್ರೆಗೆ ಹೋಗಿ, ಡಾಕ್ಟರ ಮುಂದೆ ನಿಂತು, ಸುತ್ತಿ ಬಳಸಿ ಏನಾದರೂ ಹೇಳಬೇಕು. ನನ್ನ ಗಂಡನಿಗೆ ಮೈ ಸುಡುತ್ತಿದ್ದಾಗ ಪಕ್ಕದ ಮನೆ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವನು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ, “ಡಾಕ್ಟ್ರೇ, ಮಾವನ ಹಣೆ ಮೇಲೆ ಹುಯ್ಯಬೌದು ದೋಸೆ, ಮೂಗಲ್ಲಿ ಗಾಳಿ ಬಿಟ್ರೆ ಸಾಕು ಸುಟ್ಟೋಗ್ತದೆ ಮೀಸೆ” ಅಂದ. ಡಾಕ್ಟರು ನಕ್ಕರು, ಮಾತ್ರೆ ಬರೆದುಕೊಟ್ಟರು. ಗಂಡ ಎದ್ದು ಕೂತ. ಆದರೆ ದೋಸೆ ಮೀಸೆ ಆವತ್ತಿಗೆ ಮುಗಿಯಿತು. ಮುಂದೆ ಮೈ ಕಾದವರು ಬೇರೆ ಹುಡುಕಿಕೊಳ್ಳಬೇಕು.

ಕಾಲುವೆ ಅಂದೆನಲ್ಲ, ಊರಿನ ಕೊಳಚೆಯನ್ನೆಲ್ಲ ಹೊತ್ತು ನಮ್ಮ ಮನೆಗಳ ಹಿಂದೆ ಹರಿಯುವ ರಾಜಕಾಲುವೆ ಅದು. ಅದರ ಆಚೆಗಿನವರ ಕಿವಿಗೆ ಈಚೆಗಿನ ನಮ್ಮ ಮಾತು ಬೀಳುವುದಿಲ್ಲ. ಅವರ ಬೀದಿಗೆ ನಾವು ಹೋದರೂ ಅಷ್ಟೆ, ನಮ್ಮ ಬಾಗಿಲಿಗೆ ಅವರು ಬಂದರೂ ಅಷ್ಟೆ. ತುಟಿ ಅಲ್ಲಾಡುವುದು ಕಾಣುತ್ತದೆ, ಸದ್ದಿಲ್ಲ. ಬರೆದುಕೊಟ್ಟರೆ ಖಾಲಿ ಹಾಳೆ ಕಾಣುತ್ತದಂತೆ. ಪ್ರಾಸ ಸೇರಿಸಿ, ತಾಳಕ್ಕೆ ಕೂರಿಸಿ ಹೇಳಿದರೆ ಮಾತ್ರ ಕೇಳಿಸುತ್ತದೆ. ಅದೂ ಹೊಸ ಪ್ರಾಸವೇ ಆಗಬೇಕು. ಎರಡು ಮಾತು ಒಮ್ಮೆ ಜೋಡಿಯಾಗಿ, ನಮ್ಮಲ್ಲಿ ಯಾರದೇ ಬಾಯಿಂದ, ಎಲ್ಲಿಯೇ ಆಗಲಿ, ಗಟ್ಟಿಯಾಗಿ ಹೊರಬಿತ್ತೋ, ಆ ಜೋಡಿ ಅಲ್ಲಿಗೆ ಖರ್ಚು. ಮತ್ತೆ ಯಾರು ಹೇಳಿದರೂ ಆಚೆಯವರಿಗೆ ಕೇಳಿಸದು. ನಾವು ನಾವು ಮಾತಾಡಿಕೊಳ್ಳುವುದಕ್ಕೆ ಇದ್ಯಾವ ತಾಪತ್ರಯವೂ ಇಲ್ಲ, ಬಾಯಿಗೆ ಬಂದಂತೆ ಮಾತಾಡುತ್ತೇವೆ, ನಾನಂತೂ ಸ್ವಲ್ಪ ಜಾಸ್ತಿಯೇ. ಜೋಡಿ ಹುಡುಕಿ ಹುಡುಕಿ ನಮ್ಮ ಹುಡುಗರ ಮಾತು ಕಲಬೆರಕೆಯಾಗಿದೆ. ಕನ್ನಡ ಮುಗಿದ ಕಡೆ ಉರ್ದು, ಉರ್ದು ಮುಗಿದ ಕಡೆ ತಮಿಳು, ತೆಲುಗು, ಇಂಗ್ಲಿಷು. ಭಾಷೆ ಕೆಡಿಸುತ್ತಾರೆ ಎಂದು ಆಚೆಯವರು ಬೈಯುತ್ತಾರೆ. ಬೈಯಲಿ. ಅವರು ಬೈಯುವುದು ನಮಗೆ ಚೆನ್ನಾಗಿಯೇ ಕೇಳಿಸುತ್ತದೆ.

ನನ್ನ ಹೆಸರು ಕೆಂಪಮ್ಮ. ನೀರಿನ ಟ್ಯಾಂಕಿನ ಬುಡದಲ್ಲಿ ನನ್ನ ಇಸ್ತ್ರಿ ಗಾಡಿ. ಸ್ಕೂಲಿಗೆ ಹೋದವಳಲ್ಲ, ಬಟ್ಟೆ ಸುತ್ತಿಕೊಡುವ ಹಳೆ ಪೇಪರಿನಲ್ಲಿ ಅಕ್ಷರ ಕಲಿತವಳು. ಆಚೆಯ ಮನೆಗಳಿಗೆ ಬಟ್ಟೆ ಕೊಡುವಾಗ ಬೆರಳಲ್ಲೇ ಲೆಕ್ಕ ತೋರಿಸಿ ಬರುತ್ತೇನೆ, ಮಾತಿನ ಖರ್ಚಿಲ್ಲ. ನನ್ನ ಹಾಗೆಯೇ ಎಲ್ಲರೂ. ಸನ್ನೆಯಲ್ಲಿ ಮುಗಿಯುವುದನ್ನು ಸನ್ನೆಯಲ್ಲಿ ಮುಗಿಸುತ್ತಾರೆ. ಒಂದೆರಡು ಒಳ್ಳೆಯ ಜೋಡಿಯನ್ನು ಮಾತ್ರ ಬಾಯಿ ಬಿಡದೆ ಮನಸ್ಸಿನಲ್ಲೇ ಕಾದಿಟ್ಟುಕೊಳ್ಳುತ್ತಾರೆ. ಮಗಳ ಹೆರಿಗೆಗೆ, ಅಪ್ಪನ ಆಪರೇಷನ್ನಿಗೆ, ಗಂಡನನ್ನು ಪೊಲೀಸರು ಹಿಡಿದುಕೊಂಡು ಹೋದ ದಿನಕ್ಕೆ. ನಿದ್ದೆಯಲ್ಲಿ ಕನವರಿಸಿ ಖರ್ಚಾದೀತು ಎಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗುವ ಮುದುಕಿಯರಿದ್ದಾರೆ ನಮ್ಮಲ್ಲಿ.

ಅಂಥ ಕೇರಿಯಲ್ಲಿ ಈ ಹುಡುಗರು ಪ್ರತಿ ಭಾನುವಾರ ಸಂಜೆ ಟ್ಯಾಂಕಿನ ಕೆಳಗೆ ಸೇರಿ ಬ್ಯಾಟ್ಲು ಆಡುತ್ತಿದ್ದರು. ಅದೇ, ರ‍್ಯಾಪು. ಇಬ್ಬರು ಎದುರುಬದುರು ನಿಲ್ಲುವುದು, ಒಬ್ಬ ನನ್ನ ಗಾಡಿಯ ಹಲಗೆ ಬಡಿದು ತಾಳ ಹಾಕುವುದು, ನಿಂತ ನಿಲುವಿನಲ್ಲೇ ಒಬ್ಬರನ್ನೊಬ್ಬರು ಪ್ರಾಸದಲ್ಲಿ ಬೈಯುವುದು. ಖರ್ಚಾದ ಜೋಡಿ ಯಾರಾದರೂ ಬಾಯಿಗೆ ತಂದರೆ ಸುತ್ತ ನಿಂತವರೆಲ್ಲ “ಎಂಜಲು! ಎಂಜಲು!” ಎಂದು ಕೂಗುತ್ತಿದ್ದರು, ಅವನು ಸೋತ ಹಾಗೆ. ದೊಡ್ಡವರಿಗೆ ಇದನ್ನು ಕಂಡರೆ ಮೈ ಉರಿ. ಪೊರಕೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು. “ಆಸ್ಪತ್ರೆಗೆ, ಸ್ಟೇಷನ್ನಿಗೆ ಬೇಕಾಗೋ ಮಾತ್ನ ಇಲ್ಲಿ ಉಗುಳಿ ಹಾಳು ಮಾಡ್ತೀರಲ್ರೋ, ಕುಲಗೇಡಿಗಳಾ!” ಎಂದು ಮೊದಲು ಬೈಯುತ್ತಿದ್ದವಳೇ ಮಾರೆಕ್ಕ. ಆದರೆ ಅವಳ ಮಗ ಓಬಳೇಶನೇ ಅಲ್ಲಿ ಹೀರೊ. ಓಬಿ ಅನ್ನುತ್ತಿದ್ದರು. ಹೊಲಸು ಗುಂಡಿ ಕ್ಲೀನು ಮಾಡುವ ಗುತ್ತಿಗೆದಾರನ ಬಳಿ ಕೆಲಸ, ಮೆಷಿನ್ನಿನ ಪೈಪು ಹಿಡಿಯುವುದು. ಒಂದು ದಿನ ಅವಳು ಪೊರಕೆ ಎತ್ತಿದಾಗ ಅದರ ತುದಿ ಹಿಡಿದುಕೊಂಡು ಅವನು ಅಂದದ್ದು ನನಗೆ ನೆನಪಿದೆ. “ಅಮ್ಮೋ, ಆಚೆಯೋರಿಗೆ ಅರ್ಜಿ ಹೇಳ್ಕೊಳಕ್ಕೆ ಅಂತ್ಲೇ ದೇವ್ರು ನಮಗೆ ಬಾಯಿ ಕೊಟ್ಟವ್ನಾ? ವಾರಕ್ಕೊಂದಿನ ನಮ್ ಮಾತು ನಮ್ಗೋಸ್ಕರ ಖರ್ಚು ಮಾಡ್ಕೊಂಡ್ರೆ ಏನು ಗಂಟು ಹೋಗ್ತದೆ?” ಮಾರೆಕ್ಕ ಪೊರಕೆ ಕಿತ್ತುಕೊಂಡಳು. ಹೊಡೆಯಲಿಲ್ಲ.

ಓಬಿಗೆ ಸರಿಸಾಟಿ ಎಂದರೆ ಸೆಲ್ವಿ. ಆಚೆಯ ಬಡಾವಣೆಯಲ್ಲಿ ಮನೆಗೆಲಸ ಮಾಡುವ ತಮಿಳರ ಹುಡುಗಿ, ಕಡ್ಡಿಯಂಥ ಮೈ, ಗರಗಸದಂಥ ಬಾಯಿ. ಓಬಿ ಅವಳಿಗೆ, “ತಿಕ್ಕೋ ಪಾತ್ರೆ ಬೆಳ್ಳಗಾಯ್ತು, ನಿನ್ ಪದ ಮಾತ್ರ ಜಿಡ್ಡು, ನನ್ ಮುಂದೆ ಬಾಯಿ ಬಿಟ್ರೆ ನೀನು ಬೂಂದಿ ಉದುರಿದ್ ಲಡ್ಡು” ಎಂದರೆ ಅವಳು ಉಸಿರು ತೆಗೆದುಕೊಳ್ಳದೆ, “ಗುಂಡಿಯಿಂದ ಎದ್ದು ಬಂದು ಮೈಗೆಲ್ಲ ಅತ್ತರ, ನೊಣಗಳು ಸಾಲಾಗಿ ನಿಂತವೆ, ಕೊಡೋ ಅವಕ್ಕೆ ಉತ್ತರ” ಅನ್ನುವಳು. ಜನ ಬಿದ್ದು ಬಿದ್ದು ನಗುವರು, ಎಲ್ಲರಿಗಿಂತ ಜೋರಾಗಿ ಓಬಿ. ಅವರಿಬ್ಬರ ನಡುವೆ ಬೈಗುಳ ಬಿಟ್ಟು ಇನ್ನೇನಾದರೂ ಇತ್ತೋ ಎಂದು ನಾನು ಕೇಳಲಿಲ್ಲ. ಇದ್ದಿದ್ದರೆ ಅದಕ್ಕೂ ಜೋಡಿ ಹುಡುಕುತ್ತಿದ್ದರು.

ಓಬಿ ಸತ್ತಿದ್ದು ಬೆಳಿಗ್ಗೆ, ಆಚೆಯ ಬಡಾವಣೆಯ ರಸ್ತೆ ನಡುವಿನ ಗುಂಡಿಯಲ್ಲಿ. ಮೆಷಿನ್ನಿನ ಪೈಪಿಗೆ ಏನೋ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಲು ಇಳಿಸಿದರು. ಆ ಹೊತ್ತಿಗೆ ಸೆಲ್ವಿ ಕೆಲಸದ ಮನೆಗೆ ಅದೇ ರಸ್ತೆಯಲ್ಲಿ ಹೋಗುತ್ತಿದ್ದಳು. ಈಚೆಯವರ ಪೈಕಿ ಕಣ್ಣಾರೆ ನೋಡಿದವಳು ಅವಳೊಬ್ಬಳೇ. ನನ್ನ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವಳು ಹೇಳಿದ್ದನ್ನು ಹಾಗೆ ಹಾಗೇ ಹೇಳುತ್ತೇನೆ. “ಒಳಗಿಂದ ಕೂಗಿದ ಅಕ್ಕ. ಎಳೀರೋ, ಎಳೀರೋ ಅಂದ. ಮೇಲೆ ಆ ಗುತ್ತಿಗೆದಾರ ಯಪ್ಪನೂ ಅವ್ನ ಡ್ರೈವರೂ ನಿಂತ್ಕೊಂಡು ಟೀ ಕುಡೀತಾ ಇದ್ರು. ಅವ್ರಿಗೆ ಕೇಳಿಸ್ಲಿಲ್ಲ. ಅವ್ರು ಬೇಕೂಂತ ಮಾಡಿದ್ದಲ್ಲ, ಅವ್ರಿಗೆ ಕೇಳ್ಸೋದೇ ಇಲ್ವಲ್ಲ. ನಾನು ಓಡಿ ಹೋಗಿ ಆ ಯಪ್ಪನ ಅಂಗಿ ಹಿಡ್ದು ಕೂಗಿದೆ. ನನ್ ಬಾಯಿಗೂ ಬರೀ ಮಾತೇ ಬಂತು. ಒಂದು ಜೋಡಿ ಬರ್ಲಿಲ್ಲಕ್ಕ. ಇಷ್ಟು ವರ್ಷ ಬ್ಯಾಟ್ಲು ಆಡಿದೀನಿ, ಒಂದೇ ಒಂದು ಬರ್ಲಿಲ್ಲ. ಅವ್ನು ನನ್ನ ಕೈ ಕೊಡವಿ ನೂಕಿದ.” ಅವಳು ನನ್ನ ಗಾಡಿಯ ಗಾಲಿಗೆ ಕೈಯಲ್ಲಿ ಎರಡು ಸಲ ಬಡಿದು ತೋರಿಸಿದಳು. “ಓಬಿ ತಾಳ ಹಾಕಿದ. ಗೋಡೆಗೆ ಕೈಯಲ್ಲಿ ಬಡಿದಿದ್ದು ಕೇಳಿಸ್ತು. ಮೊದಲನೇ ಸಾಲು ಹೇಳಿದ. ಎರಡನೇದು ಬರ್ಲಿಲ್ಲ.”

ಓಬಿ ಕುಡಿದು ತೂರಾಡುತ್ತ ಬಂದು ತೆರೆದ ಗುಂಡಿಗೆ ಬಿದ್ದ ಎಂದು ಗುತ್ತಿಗೆದಾರ ಬರೆಸಿದ. ಹೆಣದ ಬಾಯಲ್ಲಿ ಸಾರಾಯಿ ವಾಸನೆ ಇತ್ತು, ಹೇಗೆ ಬಂತೋ ಅವನಿಗೇ ಗೊತ್ತು. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ವಿಚಾರಣೆ, ಅದು ಮುಗಿದು ಸಹಿ ಆಗುವವರೆಗೆ ಹೆಣ ಕೊಡುವುದಿಲ್ಲ ಎಂದರು. ಮಾರೆಕ್ಕ ಸೆಲ್ವಿಯ ಮನೆಗೆ ಬಂದು ಹೊಸಿಲ ಹೊರಗೇ ನಿಂತಳು. ನಾನೂ ಅಲ್ಲಿದ್ದೆ. “ನೋಡಮ್ಮಣ್ಣಿ,” ಅಂದಳು, “ನಂಗೆ ಅವ್ರಿಂದ ಏನೂ ಬ್ಯಾಡ. ನನ್ ಮಗ ಕುಡ್ದು ಬಿದ್ದ ಅಂತ ಬರ್ಕಂಡವ್ರೆ. ಅವ್ನು ಬಿದ್ದಿಲ್ಲ. ಇಳಿಸಿದ್ರು. ಇಳಿಸಿದ್ರು ಅಂತ ಒಂದು ಮಾತು ಅವ್ರ ಕಿವಿಗೆ ಹಾಕ್ಬುಡು. ಆ ಒಂದು ಮಾತು ಬರ್ಕೊಳ್ಳಿ, ಆಮೇಲೆ ಹೂಳಾನ.” ಸೆಲ್ವಿ, “ಆಯ್ತಮ್ಮ, ಅಳ್ಬೇಡ, ನಾನು ಹೇಳ್ತೀನಿ” ಅಂದಳು. ಮಾರೆಕ್ಕ ಅಳುತ್ತಿರಲಿಲ್ಲ. ಅಳುತ್ತಿದ್ದವಳು ಸೆಲ್ವಿ.

ಆವತ್ತಿಂದ ಕೇರಿಗೆ ಕೇರಿಯೇ ಸೆಲ್ವಿಯ ಬಾಗಿಲಿಗೆ ಬರತೊಡಗಿತು. ಕಾದಿಟ್ಟ ಜೋಡಿ ಕೊಡುವುದಕ್ಕೆ. ಬಾಯಿ ಬಿಟ್ಟು ಹೇಳಿದರೆ ಖರ್ಚಾಗುತ್ತದಲ್ಲ, ಹಾಗಾಗಿ ನಮ್ಮಲ್ಲಿ ಜೋಡಿಯನ್ನು ತೋರಿಸುವುದು ಪದ್ಧತಿ. ತಿಮ್ಮಜ್ಜ ಒಂದು ಪಾತ್ರೆ ಮುಚ್ಚಳ ತಂದ, ಅದನ್ನು ಅವಳ ಮುಂದಿಟ್ಟು ತನ್ನ ಕನ್ನಡಕವನ್ನು ಪಂಚೆಯಲ್ಲಿ ಚೊಕ್ಕವಾಗಿ ಒರೆಸಿ ಬೆಳಕಿಗೆ ಹಿಡಿದ. ಸೆಲ್ವಿಗೆ ಮೊದಲು ತಿಳಿಯಲಿಲ್ಲ. ಅವನು ಮತ್ತೆ ಒರೆಸಿದ, ಮತ್ತೆ ಬೆಳಕಿಗೆ ಹಿಡಿದು ಕಣ್ಣರಳಿಸಿದ. ಮುಚ್ಚಳ, ನಿಚ್ಚಳ! ಅವಳು ತಲೆಯಾಡಿಸಿದಳು. ಮೊಮ್ಮಗಳ ಮದುವೆ ಮಾತುಕತೆಗೆಂದು ಇಟ್ಟುಕೊಂಡಿದ್ದನಂತೆ. ಇನ್ನೊಬ್ಬಳು ಒಂದು ಕೈಯಲ್ಲಿ ಬಕೇಟು, ಇನ್ನೊಂದು ಕೈಯಲ್ಲಿ ಹರಿದ ಬಸ್ ಟಿಕೇಟು ಹಿಡಿದು ಬಂದಳು. ತುಂಬು ಬಸುರಿ ಅನಸೂಯ ಬಂದು, ತನ್ನ ಹೊಟ್ಟೆ ಮುಟ್ಟಿ ತೋರಿಸಿ, ಆಮೇಲೆ ಸೆಲ್ವಿಯ ಅಂಗೈ ಎಳೆದುಕೊಂಡು ಅದರ ಮೇಲೆ ಉಸಿರು ಊದಿದಳು. “ಅಯ್ಯೋ ತಾಯಿ, ನಿಂಗೇ ಬೇಕಾಗ್ತದಲ್ಲೇ ಇದು, ಈ ತಿಂಗ್ಳೇ ಅಲ್ವೇನೇ” ಅಂದೆ. “ನಂಗೆ ಕಿರುಚಕ್ಕೆ ಬರ್ತದೆ ಬಿಡಕ್ಕ,” ಅಂದಳು, “ಓಬಣ್ಣಂಗೆ ಈಗ ಅದೂ ಬರಲ್ಲ.” ಹೀಗೆ ಮನೆ ಮನೆಯ ಗಂಟೂ ಸೆಲ್ವಿಯ ಬಾಯಿ ಸೇರಿತು. ಅವಳು ಮಾತೇ ಬಿಟ್ಟಳು. ಊಟಕ್ಕೆ ಕರೆದರೂ ತುಟಿ ಬಿಗಿದು ಕೂರುವಳು. ಇಳಿಸಿದ್ರು ಎಂಬ ಮುಖ್ಯ ಮಾತಿಗೆ ಮಾತ್ರ ಯಾರ ಸಹಾಯವೂ ಬೇಡ ಎಂದು ಸನ್ನೆ ಮಾಡಿದಳು. ಅದರ ಜೋಡಿಗಳು ಅವಳ ಹತ್ತಿರವೇ ಇದ್ದವು. ನಮ್ಮ ಪುಣ್ಯಕ್ಕೆ ಆವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಈಗ ಭಾನುವಾರದ ವಿಷಯ ಹೇಳಬೇಕು. ನಮ್ಮ ಹುಡುಗರಲ್ಲಿ ಒಂದು ಪದ್ಧತಿ ಇದೆ. ಬ್ಯಾಟ್ಲು ಆಡುವ ಒಬ್ಬ ಸತ್ತರೆ, ಅವನೊಡನೆ ಕೊನೆಯ ಸಲ ಆಡಿದವನು ಬಂದು, ಎದುರಿನ ಖಾಲಿ ಜಾಗಕ್ಕೆ ಮುಖ ಮಾಡಿ ನಿಂತು ಸತ್ತವನನ್ನು ಬಾಯಿ ತುಂಬ ಬೈಯಬೇಕು. ಬೈದು ಕಳಿಸುವುದು ಅನ್ನುತ್ತಾರೆ. ಹೊಗಳಿದರೆ ಸತ್ತವನಿಗೆ ಅವಮಾನ, ಎದುರಾಳಿಯಾಗಿ ಲೆಕ್ಕಕ್ಕೇ ಇಲ್ಲ ಅಂದಂತೆ. ಬೈದವನಿಗೆ ಯಾರೂ ತಿರುಗಿ ಉತ್ತರ ಕೊಡಬಾರದು. ಉತ್ತರ ಕೊಡಬೇಕಾದವನು ಇಲ್ಲವಲ್ಲ, ಆ ಸುಮ್ಮನಿರುವುದೇ ಅವನ ಪಾಲು. ಓಬಿಯ ಜೊತೆ ಕೊನೆಯ ಸಲ ಆಡಿದವನು ಗೂಡ್ಸ್‌ಶೆಡ್ ಕೇರಿಯ ಜಬೀವುಲ್ಲಾ, ನಮ್ಮ ಜಬಿ. ಓಬಿಯ ಜೀವದ ಗೆಳೆಯ. ಹೆಣ ಇನ್ನೂ ಶವಾಗಾರದಲ್ಲೇ ಇತ್ತು, ಆದರೂ ಭಾನುವಾರ ತಪ್ಪಿಸುವಂತಿಲ್ಲ ಎಂದು ಹುಡುಗರೆಲ್ಲ ಸೇರಿದರು. ಸೆಲ್ವಿ ಬರಬಾರದಿತ್ತು. ಬಂದಳು. ಬಾರದಿದ್ದರೆ ಓಬಿ ಏನಂದುಕೊಂಡಾನು ಎಂದು ಅವಳ ಮುಖ ಹೇಳುತ್ತಿತ್ತು. ನನ್ನ ಗಾಡಿಗೆ ಒರಗಿ, ಬಾಯಿಗೆ ದುಪಟ್ಟಾ ಒತ್ತಿ ನಿಂತಳು.

ಜಬಿ ಮಧ್ಯಕ್ಕೆ ಬಂದ. ಕಣ್ಣು ಊದಿಕೊಂಡಿದ್ದವು. ಖಾಲಿ ಜಾಗ ನೋಡಿ ಒಮ್ಮೆ ಮೂಗು ಒರೆಸಿಕೊಂಡ. ಹಲಗೆ ಬಡಿತ ಶುರುವಾಯಿತು. “ನನ್ ಶೂ ಹಾಕ್ಕೊಂಡೋಗಿ ಹರಿದು ತಂದ ಕೋತಿ, ದೇವ್ರ ಮನೇಗೂ ಬರಿಗಾಲಲ್ ಹೋದ್ಯಲ್ಲೋ, ಎಂಥಾ ನಿನ್ ಫಜೀತಿ” ಅಂದ. ಜನ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಇನ್ನೂ ಒಂದೆರಡು ಹೇಳಿದ, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಆಮೇಲೆ ಅಳು ನುಗ್ಗಿ ಬಂದು ಮುಂದಿನ ಸಾಲು ತಪ್ಪಿತು. ಸಾಲು ತಪ್ಪಿದರೂ ತಾಳ ನಿಲ್ಲುವುದಿಲ್ಲ, ಬಾಯಿ ಏನಾದರೂ ಹಿಡಿದುಕೊಳ್ಳಲೇಬೇಕು. “ಎದ್ರು ನಿಂತ ಗಂಡುಗಳ್ನ ನಗ್ತಾ ನಗ್ತಾ ಗೆದ್ದ,” ಅಂದ, ತಡಕಾಡಿದ, “ಕೊನೇಗೊಂದು ಕ್ವಾಟ್ರು ಗೆಲ್ತು, ಗುಂಡೀಲ್ ಹೋಗಿ ಬಿದ್ದ.” ಗೆದ್ದ, ಬಿದ್ದ ನಮ್ಮ ತಾತನ ಕಾಲದಲ್ಲೇ ಖರ್ಚಾದ ಜೋಡಿ. ಜಬಿಯಂಥವನ ಬಾಯಲ್ಲಿ ಬರಬಾರದ್ದು. ಊರೆಲ್ಲ ಆಡಿಕೊಳ್ಳುತ್ತಿದ್ದ ಮಾತು ಕಿವಿಯಿಂದ ಇಳಿದು ಬಾಯಿಗೆ ಬಂದುಬಿಟ್ಟಿತ್ತು. ಎಂಜಲು ಎಂದು ಕೂಗುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ.

ನಾನು ಸೆಲ್ವಿಯ ಕೈ ಹಿಡಿಯಬೇಕೆನ್ನುವಷ್ಟರಲ್ಲಿ ಅವಳು ದುಪಟ್ಟಾ ಕಿತ್ತೆಸೆದು ಓಬಿಯ ಖಾಲಿ ಜಾಗಕ್ಕೆ ನುಗ್ಗಿ ನಿಂತಿದ್ದಳು. “ಬಿದ್ದ ಅಂತ ನಿಂಗೆ ಯಾರೋ ಮನೆ ಬಾಗ್ಲಿಗ್ ಬಂದು ತಿಳಿಸಿದ್ರು? ಹಗ್ಗ ಇಲ್ದೆ, ಮಾಸ್ಕು ಇಲ್ದೆ, ನನ್ ಕಣ್ಣೆದುರು ಇಳಿಸಿದ್ರು! ಐದೇ ನಿಮಿಷ ಬಾರೋ ಅಂತ ಬೆನ್ನು ತಟ್ಟಿ ಕಳಿಸಿದ್ರು, ಪೈಪು ಎಳ್ದು, ಗಾಡಿ ತೊಳ್ದು, ಮೆಷಿನ್ನನ್ನ ಉಳಿಸಿದ್ರು, ಹೆಣದ್ ಬಾಯ್ಗೆ ಸಾರಾಯ್ ಹುಯ್ದು ನಿಜಾನೆಲ್ಲ ಅಳಿಸಿದ್ರು!” ಎಂಥ ಪದ! ಟ್ಯಾಂಕಿನ ಕಾಂಕ್ರೀಟಿಗೆ ಬಡಿದು ಆ ದನಿ ವಾಪಸ್ಸು ಬಂತು. ಅವಳ ಜನ್ಮದಲ್ಲೇ ಅದಕ್ಕಿಂತ ಒಳ್ಳೆಯದು ಅವಳು ಕಟ್ಟಿರಲಿಲ್ಲ. ಹುಡುಗನೊಬ್ಬ ಚಪ್ಪಾಳೆಗೆ ಕೈ ಎತ್ತಿದವನು ಹಾಗೇ ನಿಂತ. ಹಲಗೆ ಬಡಿಯುವುದು ನಿಂತಿತು. ಎಲ್ಲರಿಗೂ ಒಟ್ಟಿಗೇ ಅರ್ಥವಾಗಿತ್ತು. ಅವಳಿಗೂ. ಬಾಯಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಅಲ್ಲೇ ಕುಸಿದಳು. ಇಳಿಸಿದ್ರು ಎಂಬ ಮಾತಿನ ನಂಟರಿಷ್ಟರೆಲ್ಲ ಒಂದೇ ಉಸಿರಿನಲ್ಲಿ ಖರ್ಚಾಗಿ ಹೋಗಿದ್ದರು.

ಜಬಿ ತನ್ನ ಕೆನ್ನೆಗೆ ತಾನೇ ರಪರಪ ಬಾರಿಸಿಕೊಳ್ಳುತ್ತಿದ್ದ. “ನನ್ ಬಾಯಿಗೆ ಹುಳ ಬೀಳ, ಸೆಲ್ವೀ, ನಾನು ಬೇಕೂಂತ ಅನ್ಲಿಲ್ವೇ, ಅಲ್ಲಾನಾಣೆ ಬೇಕೂಂತ ಅನ್ಲಿಲ್ಲ” ಅಂದ. “ನಿಂದೇನಿಲ್ಲ ಕಣೋ,” ಅಂದಳು ಅವಳು, “ಉತ್ರ ಕೊಡ್ಬಾರ್ದಿತ್ತು. ನಾನು ಕೊಟ್ಟೆ.” ಆ ಗುಂಪಿನ ಹಿಂದೆ ಮಾರೆಕ್ಕ ನಿಂತಿದ್ದಳೆಂದು ನಮಗೆ ಆಗಲೇ ಗೊತ್ತಾದದ್ದು. ಅವಳು ಬಂದು ದುಪಟ್ಟಾ ಎತ್ತಿ, ಧೂಳು ಕೊಡವಿ ಸೆಲ್ವಿಯ ಹೆಗಲಿಗೆ ಹಾಕಿದಳು. “ಚೆನ್ನಾಗಿ ಹೇಳ್ದೆ” ಅಂದಳು.

ಸೋಮವಾರ ಮಾರೆಕ್ಕ, ಸೆಲ್ವಿ, ನಾನು ಕಾಲುವೆ ದಾಟಿದೆವು. ಜಬಿಯೂ ಆಫೀಸಿನ ಗೇಟಿನವರೆಗೆ ಬಂದು ಅಲ್ಲೇ ನಿಂತ. ಒಳಗೆ ಒಂದು ಉದ್ದ ಮೇಜು, ಅದರ ಹಿಂದೆ ಅಧಿಕಾರಿ, ಪಕ್ಕದಲ್ಲಿ ಟೈಪು ಮಾಡುವ ಹೆಂಗಸು, ಈ ಕಡೆ ಕುರ್ಚಿಯಲ್ಲಿ ಗುತ್ತಿಗೆದಾರ. ಅಧಿಕಾರಿ ಕೆಟ್ಟವರೇನಲ್ಲ. ಮಾರೆಕ್ಕನನ್ನು ನೋಡಿ ಕುರ್ಚಿ ತರಿಸಿದರು. “ಈ ಹುಡುಗಿ ನೋಡಿದ್ದಾಳಂತೆ, ಹೇಳಮ್ಮ” ಅಂದರು. ಸೆಲ್ವಿ ಒಮ್ಮೆ ಕಣ್ಣು ಮುಚ್ಚಿದಳು. ತೊಡೆಯ ಮೇಲೆ ತಾಳ ಹಾಕಿದಳು. “ಹೊತ್ತು ಹುಟ್ಟಿ ಬೆಳ್ಕಾಗಿತ್ತು ಸಾರ್, ಕಂಡಿದ್ದೆಲ್ಲ ನಿಚ್ಚಳ, ಕಬ್ಬಿಣದ್ ಸಲಾಕೆ ಹಾಕಿ ಇವ್ರೇ ಎತ್ತಿದ್ರು ಮುಚ್ಚಳ.” ಅಧಿಕಾರಿ ತಟ್ಟನೆ ತಲೆಯೆತ್ತಿದರು. ಕೇಳಿಸಿತ್ತು! ತಿಮ್ಮಜ್ಜನ ಜೋಡಿ ಕೇಳಿಸಿತ್ತು. ನಾನು ಮಾರೆಕ್ಕನ ಮೊಣಕೈ ಅಮುಕಿದೆ. “ಕೈಗೆ ಕೊಟ್ಟಿದ್ದು ಮಾಸ್ಕು ಅಲ್ಲ, ಒಂದು ತೂತು ಬಕೇಟು, ಅದೇ ಅವ್ನಿಗೆ ಆ ಲೋಕಕ್ಕೆ ಹರಿದು ಕೊಟ್ಟ ಟಿಕೇಟು.” ಟೈಪಿನ ಸದ್ದು ಟಕಟಕ ಓಡಿತು. “ಒಂದು ಕತ್ಲಲ್ ಜೀವ ಕೊಟ್ಟಿತ್ತು ಈ ತಾಯಿ ಬಸಿರು, ಇನ್ನೊಂದ್ ಕತ್ಲಲ್ ಒಂದೇ ಗಳಿಗೇಲಿ ನಿಂತೋಯ್ತವ್ನ ಉಸಿರು.”

“ವಾಹ್!” ಅಂದರು ಅಧಿಕಾರಿ. ಟೈಪಿನ ಹೆಂಗಸು ಕೈ ತೆಗೆದು ಮೆಲ್ಲಗೆ ಚಪ್ಪಾಳೆ ತಟ್ಟಿದಳು, ಅವಳ ಕಣ್ಣಲ್ಲಿ ನೀರೂ ಇತ್ತು, ಸುಳ್ಳು ಹೇಳಬಾರದು. ಬಾಗಿಲಲ್ಲಿ ನಿಂತ ಜವಾನನೂ ಚಪ್ಪಾಳೆ ತಟ್ಟಿದ. ಗುತ್ತಿಗೆದಾರ ಕುರ್ಚಿಯಲ್ಲಿ ಮುಂದೆ ಬಾಗಿ, “ಸಾರ್, ಏನು ಟ್ಯಾಲೆಂಟು ನೋಡಿ. ಈ ಸಲ ನಮ್ಮ ಬಡಾವಣೆ ಗಣೇಶನ ಪ್ರೋಗ್ರಾಮಿಗೆ ಈ ಹುಡುಗಿಯನ್ನೇ ಕರೆಸೋಣ” ಅಂದ. ಅಧಿಕಾರಿ ಅವನನ್ನು ಸುಮ್ಮನಿರಿಸಿದರು. “ಎಲ್ಲ ಸರಿಯಮ್ಮ. ಗುಂಡಿ ತೆಗೆದಿತ್ತು, ಮಾಸ್ಕು ಇರಲಿಲ್ಲ, ಬರೆದುಕೊಂಡೆ. ಆದರೆ ನನಗೆ ಬೇಕಾದ್ದು ಒಂದೇ. ಅವನಾಗಿ ಬಿದ್ದನೋ, ಇವರು ಇಳಿಸಿದರೋ?”

ಎಷ್ಟು ಸಲೀಸಾಗಿ ಬಂತು ಆ ಮಾತು ಅವರ ಬಾಯಲ್ಲಿ! ಸೆಲ್ವಿ “ಇಳಿಸಿದ್ರು” ಅಂದಳು. ಅಧಿಕಾರಿ ಕಾಯುತ್ತಲೇ ಇದ್ದರು. ಅವಳು ಗುತ್ತಿಗೆದಾರನ ಕಡೆ ಕೈ ತೋರಿಸಿ, ಕೆಳಗೆ ತೋರಿಸಿ, ಜೋರಾಗಿ ತಲೆಯಾಡಿಸಿದಳು. “ತಲೆ ಆಡಿಸಿದ್ದನ್ನು ಹೇಳಿಕೆ ಅಂತ ಬರೆಯೋಕಾಗಲ್ಲಮ್ಮ, ಬಾಯಲ್ಲಿ ಹೇಳಬೇಕು” ಅಂದರು, ಬೇಸರವಾಗಿಯೇ ಅಂದರು. ಅವಳು ಹುಡುಕುತ್ತಿದ್ದಳು. ಇಳಿ ಎಂಬುದಕ್ಕೆ ಬಿಳಿ, ಗಿಳಿ, ಹುಳಿ ಎಲ್ಲ ಮಕ್ಕಳಾಟದಲ್ಲಿ ಹೋಗಿ ಎಷ್ಟೋ ಕಾಲವಾಗಿತ್ತು. ಬೆವರು ಅವಳ ಕತ್ತಿನ ಮೇಲೆ ಇಳಿಯುವುದು ನನಗೆ ಕಂಡಿತು. ತಾಳ ಮಾತ್ರ ನಿಲ್ಲಿಸಿರಲಿಲ್ಲ. ಇದ್ದಕ್ಕಿದ್ದಂತೆ ಅವಳ ಕಣ್ಣು ಮಿನುಗಿತು. “ಆಟೋ ಸ್ಟ್ಯಾಂಡಿನ್ ಹುಡುಗ್ರೆಲ್ಲ ಅವನ್ನ ಅಣ್ಣಾ ಅಂತ ತಬ್ಬಿದ್ರು” ಅಂದಳು. ಒಂದು ಸಾಲು. ಎರಡನೆಯದು ನನಗೇ ಹೊಳೆಯಿತು, ಮಾರೆಕ್ಕನಿಗೂ ಹೊಳೆಯಿತು. ದಬ್ಬಿದ್ರು. ಯಾರೂ ಮುಟ್ಟದ ಹೊಸ ಜೋಡಿ. ಹೇಳಿದರೆ ಆ ಕ್ಷಣವೇ ಕೇಳಿಸುತ್ತಿತ್ತು, ಟೈಪಾಗುತ್ತಿತ್ತು. ಗುತ್ತಿಗೆದಾರ ಕುರ್ಚಿಯಲ್ಲಿ ಸರಿದು ಕೂತ. ಸೆಲ್ವಿ ಬಾಯಿ ತೆರೆದಳು.

ಮಾರೆಕ್ಕ ಎದ್ದು ತನ್ನ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. “ಬ್ಯಾಡ ಮಗಳೆ,” ಅಂದಳು, “ದಬ್ಬಿಲ್ಲ.” ಸೆಲ್ವಿ ಆ ಅಂಗೈಯೊಳಗೇ ಬಿಕ್ಕಿದಳು, “ಅಮ್ಮಾ, ಇದೊಂದೇ ಉಳ್ದಿರೋದು, ಬಿಡಮ್ಮಾ.” ಮಾರೆಕ್ಕ ಬಿಡಲಿಲ್ಲ. ಹಾಗೇ ಅವಳನ್ನು ಪಕ್ಕಕ್ಕೆ ಒತ್ತಿ ಹಿಡಿದುಕೊಂಡು ಮೇಜಿನ ಕಡೆ ತಿರುಗಿದಳು. ಮಾತಾಡಿದಳು. ಪ್ರಾಸವಿಲ್ಲ, ತಾಳವಿಲ್ಲ. ನಮ್ಮ ಓಣಿಯ ನಲ್ಲಿಯ ಹತ್ತಿರ ಮಾತಾಡುವ ಹಾಗೆಯೇ.

“ಸಾಮೀ, ಆವತ್ತು ಬೆಳಿಗ್ಗೆ ಈ ಯಪ್ಪ ನಮ್ಮನೆ ಬಾಗ್ಲಿಗೆ ಬಂದ. ಮೆಷಿನ್ನಿಗೆ ಏನೋ ಸಿಗಾಕ್ಕೊಂಡದೆ, ನಿನ್ ಮಗನ್ನ ಕಳ್ಸು, ಐದೇ ನಿಮಿಷ ಅಂದ. ನನ್ ಮಗ ಮಲಗಿದ್ದ. ಇವತ್ತು ಒಲ್ಲೆ ಕಣಮ್ಮ ಅಂತ ಆ ಕಡೆ ಮಗ್ಗುಲಾದ. ನಾನೇ ಹೊದಿಕೆ ಎಳ್ದೆ. ದೊಡ್ಡೋರು ಬಾಗ್ಲಲ್ಲಿ ನಿಂತವ್ರೆ, ಏಳು ಅಂದೆ. ಎದ್ದ. ಟೀ ಕೊಟ್ಟೆ. ಅರ್ಧ ಲೋಟ ಕುಡ್ದ, ಮಿಕ್ಕಿದ್ದು ಬಂದು ಕುಡೀತೀನಿ ಮುಚ್ಚಿಡು ಅಂದ. ಕುಡ್ದಿದ್ದ ಅಂತ ಬರ್ಕಂಡಿದೀರಲ್ಲ ಸಾಮಿ, ಅವ್ನು ಕುಡ್ದಿದ್ದು ಅರ್ಧ ಲೋಟ ಟೀ. ಅವ್ನನ್ನ ಯಾರೂ ದಬ್ಬಿಲ್ಲ. ದಬ್ಬಿದ್ರೆ ನನ್ ಮಗ ಸುಮ್ನಿರೋನಲ್ಲ, ತಿರುಗಿ ಎರಡು ಬಿಡೋನು. ಇಳಿ ಅಂದ್ರು, ಇಳ್ದ. ದೊಡ್ಡೋರ್ಗೆ ಇಲ್ಲ ಅನ್ಬಾರ್ದು ಅಂತ ಹೇಳ್ಕೊಟ್ಟಿದ್ದೇ ನಾನು. ಇಳಿಸಿದ್ರು ಸಾಮಿ. ನಾನು ಎಬ್ಬಿಸ್ದೆ, ಇವ್ರು ಇಳಿಸಿದ್ರು.”

ಇನ್ನೂ ಹೇಳಿದಳು. ಅವನು ಹುಟ್ಟಿದ ದಿನದ್ದು, ಅವನ ಅಪ್ಪನೂ ಅದೇ ಕೆಲಸದಲ್ಲಿ ಹೋದದ್ದು, ಇವನಿಗೆ ಬೇರೆ ಕೆಲಸ ಕೊಡಿಸಬೇಕೆಂದು ಅಲೆದದ್ದು. ನಾನು ಕೇಳಿದೆ. ಸೆಲ್ವಿ ಕೇಳಿದಳು. ಗೇಟಿನ ಹತ್ತಿರ ಜಬಿಗೂ ಕೇಳಿಸಿರಬೇಕು, ಅವಳ ದನಿ ಅಷ್ಟು ದೊಡ್ಡದಿತ್ತು. ಮೇಜಿನ ಹಿಂದೆ ಅಧಿಕಾರಿ ಅವಳ ತುಟಿಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಹುಡುಗಿ ಇನ್ನು ಹೇಳುವುದಿಲ್ಲ ಎಂದು ಗೊತ್ತಾದ ಮೇಲೆ ಟೈಪಿನವಳಿಗೆ ಕೈ ಸನ್ನೆ ಮಾಡಿದರು. ಕಾಗದ ಹೊರಗೆ ಬಂತು. ನಮಗೆ ತಿಳಿಯಲಿ ಎಂದು ಗಟ್ಟಿಯಾಗಿ ಓದಿದರು. ಸಾಕ್ಷಿಯು ಸ್ಥಳದ ವಿವರ ನೀಡಿರುತ್ತಾಳೆ. ಮೃತನನ್ನು ಯಾರಾದರೂ ಇಳಿಸಿದರೇ ಎಂಬ ಪ್ರಶ್ನೆಗೆ ಉತ್ತರಿಸಿರುವುದಿಲ್ಲ. ಕುಡಿದ ಅಮಲಿನಲ್ಲಿ ಆಕಸ್ಮಿಕವಾಗಿ ಬಿದ್ದಿರುವುದಾಗಿ ತೀರ್ಮಾನಿಸಲಾಗಿದೆ. ಮೃತನ ತಾಯಿ ಹಾಜರಿದ್ದು, ಏನನ್ನೂ ಹೇಳಿರುವುದಿಲ್ಲ.

“ಇಲ್ಲಿ ಹೆಬ್ಬೆಟ್ಟು ಒತ್ತಿದರೆ ಈಗಲೇ ಬಾಡಿ ಕೊಡಿಸುತ್ತೇನೆ ತಾಯಿ, ಪಾಪ, ಎಷ್ಟು ದಿನ ಅಲ್ಲಿಡೋದು” ಅಂದರು. ಟೈಪಿನ ಹೆಂಗಸು ಶಾಯಿ ಡಬ್ಬಿ ತೆರೆದು, ಬಹಳ ಮೃದುವಾಗಿ ಮಾರೆಕ್ಕನ ಕೈ ಹಿಡಿದು, ಬೆರಳನ್ನು ಶಾಯಿಗೆ ಅದ್ದಿ ಕಾಗದದ ಮೇಲೆ ತಂದಿಟ್ಟಳು. ಮಾರೆಕ್ಕ ಒತ್ತಿದಳು. ಒತ್ತುವಾಗಲೂ ಹೇಳುತ್ತಲೇ ಇದ್ದಳು.